ಬಿದ್ದು ಒದ್ದಾಡಿದರಷ್ಟೇ ಫಿಟ್ಸ್ ಅಲ್ಲ

ದಾವಣಗೆರೆಯ ಒಂದು ಮನೆ ಎಂದುಕೊಳ್ಳಿ. ಮಂಡಕ್ಕಿಗೆ ಒಗ್ಗರಣೆ ಹಾಕುತ್ತಿದ್ದಾಕೆಯ ಕೈ ತಟ್ಟನೆ ನಿಲ್ಲುತ್ತದೆ. ಕಣ್ಣು ತೆರೆದೇ ಇದೆ, ಕರೆದರೆ ಓಗೊಡುವುದಿಲ್ಲ. ತುಟಿ ಚಪ್ಪರಿಸುತ್ತಾರೆ, ಎಡಗೈ ಸೆರಗು ಹಿಸುಕುತ್ತಿದೆ, ಬಲಗೈ ಸೊಟ್ಟಗೆ ಸೆಟೆದಿದೆ. ಒಂದೂವರೆ ನಿಮಿಷಕ್ಕೆ ಎಲ್ಲ ಮುಗಿಯಿತು. ‘ಹೊಟ್ಟಿಯಿಂದ ಏನೋ ಮ್ಯಾಲೆ ಎದ್ದಂಗಾತು’ ಎನ್ನುವುದಷ್ಟೇ ನೆನಪು. ಗ್ಯಾಸ್ ಎಂದು ಸೋಡಾ ಕುಡಿಸುತ್ತಾರೆ, ಇಲ್ಲವೇ ಗಾಳಿ ಸೋಕಿತೆಂದು ತಾಯತ ಕಟ್ಟುತ್ತಾರೆ.

ಇದೂ ಫಿಟ್ಸೇ, ಅಂದರೆ ಮೂರ್ಛೆರೋಗ. ಅದು ಮಿದುಳಿನಲ್ಲಿ ಎಲ್ಲಿ ಹುಟ್ಟಿತೆಂಬ ವಿಳಾಸವೇ ನರರೋಗ ತಜ್ಞರಿಗೆ ಇಲ್ಲಿ ಸಿಗುತ್ತದೆ. ಹೊಟ್ಟೆಯಿಂದ ಏರುವ ಅನುಭವ, ಚಪ್ಪರಿಸುವುದು: ಕಿವಿಯ ಒಳಬದಿಗಿರುವ ಮಿದುಳಿನ ಟೆಂಪೊರಲ್ ಭಾಗ. ಸೆಟೆದದ್ದು ಬಲಗೈ, ಅದನ್ನು ಆಳುವುದು ಎಡ ಮಿದುಳು, ಹಾಗಾಗಿ ಮೂಲ ಬಹುಪಾಲು ಅಲ್ಲೇ. ಎಚ್ಚರವಾದ ಮೇಲೂ ಕೆಲ ನಿಮಿಷ ಮಾತು ತಡವರಿಸಿದರೆ ಎಡಭಾಗದ ಮೇಲಿನ ಅನುಮಾನ ಇನ್ನೂ ಗಟ್ಟಿ. ಹಣೆಯ ಹಿಂದಿನ ಭಾಗದ ಫಿಟ್ಸ್ ಬೇರೆಯೇ ಬಗೆ. ನಿದ್ದೆಯಲ್ಲಿ ಅರ್ಧ ನಿಮಿಷ ಕೈಕಾಲು ಬಡಿದು ಚೀರಿ, ಕೂಡಲೇ ಸರಿಹೋಗುತ್ತಾರೆ. ಕೆಟ್ಟ ಕನಸೆಂದೋ ನಾಟಕವೆಂದೋ ಜನ ತಳ್ಳಿಹಾಕುತ್ತಾರೆ. ಆದರೆ ಪ್ರತಿ ಸಲವೂ ಅಚ್ಚು ಹಾಕಿದಂತೆ ಒಂದೇ ರೀತಿ ಬಂದರೆ ಅನುಮಾನಪಡಬೇಕು.

ನಮ್ಮ ಸೀಮೆಯಲ್ಲಿ ಕೇಳಲೇಬೇಕಾದ ಇನ್ನೊಂದು ಪ್ರಶ್ನೆ: ಹಂಡೆಯ ಬಿಸಿನೀರನ್ನು ಚೊಂಬಿನಲ್ಲಿ ತಲೆಗೆ ಸುರಿದುಕೊಳ್ಳುವಾಗ ಹೀಗಾಗುತ್ತದೆಯೇ? ಬಿಸಿನೀರಿನ ಮೂರ್ಛೆ ದಕ್ಷಿಣ ಕರ್ನಾಟಕದಲ್ಲಿ ಹೆಚ್ಚಾಗಿ ದಾಖಲಾಗಿರುವ ಕಾಯಿಲೆ. ಎಷ್ಟೋ ಜನಕ್ಕೆ ನೀರಿನ ಬಿಸಿ ಇಳಿಸಿದರೇ ಹತೋಟಿಗೆ ಬರುತ್ತದೆ.

ತಲೆಗೆ ತಂತಿ ಅಂಟಿಸಿ ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವ ಇಇಜಿ ಪರೀಕ್ಷೆ ನಾರ್ಮಲ್ ಬಂದರೆ ನಿರಾಳರಾಗಬೇಡಿ. ಅರ್ಧ ಗಂಟೆಯ ಮೊದಲ ಇಇಜಿ ಸುಮಾರು ಅರ್ಧದಷ್ಟು ರೋಗಿಗಳಲ್ಲಿ ಏನನ್ನೂ ತೋರಿಸದು. ಮಿದುಳ ಹೊರಪದರದ ಸುಮಾರು 10 ಚದರ ಸೆಂಟಿಮೀಟರ್ ಜಾಗ ಒಟ್ಟಿಗೆ ಸಿಡಿದರಷ್ಟೇ ಬುರುಡೆಯಾಚೆಯ ತಂತಿಗಳಿಗೆ ಅದು ತಿಳಿಯುವುದು. ವೈದ್ಯರ ಸಲಹೆಯಂತೆ ನಿದ್ದೆಗೆಟ್ಟು ಮತ್ತೊಮ್ಮೆ ಮಾಡಿಸಬೇಕು, ಇಲ್ಲವೇ ದಿನಗಟ್ಟಲೆ ವಿಡಿಯೊ ಇಇಜಿ.

ಎಂಆರ್‌ಐ ಕೂಡ ಹಾಗೆಯೇ. ಅದು ಮಿದುಳನ್ನು ಹೋಳು ಹೋಳಾಗಿ ಚಿತ್ರಿಸುತ್ತದೆ. 5 ಮಿಲಿಮೀಟರ್ ದಪ್ಪದ ಹೋಳುಗಳ ನಡುವೆ, ಮಿದುಳ ಮಡಿಕೆಯ ಬುಡದಲ್ಲಿ ಹುಟ್ಟಿನಿಂದಲೇ ಅಡಗಿದ ಸಣ್ಣ ದೋಷ ತಪ್ಪಿಸಿಕೊಳ್ಳುತ್ತದೆ. ‘ಎಪಿಲೆಪ್ಸಿ ಪ್ರೊಟೊಕಾಲ್’ ಎಂದು ಚೀಟಿಯಲ್ಲಿ ಬರೆದಿರಬೇಕು: 1 ಮಿಲಿಮೀಟರ್ ದಪ್ಪದ ಹೋಳುಗಳು, ನಡುವೆ ಸಂದಿಲ್ಲದೆ. ಯಾವ ಬದಿಯ ಅನುಮಾನ ಎಂಬುದೂ ಇರಲಿ. ಎಲ್ಲಿ ಹುಡುಕಬೇಕೆಂದು ತಿಳಿದ ಕಣ್ಣಿಗೇ ಅದು ಕಾಣುವುದು. ಎರಡು ಸೂಕ್ತ ಔಷಧಿಗಳನ್ನು ಸರಿಯಾಗಿ ತೆಗೆದುಕೊಂಡೂ ಫಿಟ್ಸ್ ನಿಲ್ಲದಿದ್ದರೆ ಶಸ್ತ್ರಚಿಕಿತ್ಸೆಯ ಯೋಚನೆ ಬರುತ್ತದೆ. ಆಗ ಮಿದುಳಿನ ಯಾವ ಭಾಗ ಮಂಕಾಗಿದೆ ಎಂದು ತೋರಿಸುವ ಪೆಟ್ ಸ್ಕ್ಯಾನ್, ಬೇಕಾದರೆ ಮಿದುಳೊಳಗೇ ಇಳಿಸುವ ತಂತಿಗಳು.

ಇಷ್ಟಕ್ಕೂ ಮೊದಲ ಸುಳಿವು ಮನೆಯವರ ಮೊಬೈಲಿನಲ್ಲೇ ಇರುತ್ತದೆ. ಒಬ್ಬರು ರೋಗಿಯನ್ನು ಒಲೆಯಿಂದ ದೂರ ಸರಿಸಲಿ, ಇನ್ನೊಬ್ಬರು ವಿಡಿಯೊ ಮಾಡಲಿ. ಹೊದಿಕೆ ಸರಿಸಿ, ಮುಖ, ಎರಡೂ ಕೈ ಕಾಣಬೇಕು. ಹೆಸರು ಕೇಳಿ, ಕೈ ಎತ್ತಲು ಹೇಳಿ. ಮುಗಿಯಿತೆಂದು ಆಫ್ ಮಾಡದೆ, ಮಾತು ಮರಳುವವರೆಗೂ ಹಿಡಿಯಿರಿ. ಕಬ್ಬಿಣ, ಬೀಗದ ಕೈ ಕೊಡುವುದು ಬೇಡ. 5 ನಿಮಿಷ ದಾಟಿದರೆ ವಿಡಿಯೊ ಬಿಟ್ಟು 108ಕ್ಕೆ ಫೋನ್ ಮಾಡಿ.