ಕಲಿಕೆ ಅಳೆಯುವ ಟೆಂಡರ್‌ನಲ್ಲಿ ಮಲೆನಾಡಿನ ಶಾಲೆ ಎಲ್ಲಿದೆ?

ಮಕ್ಕಳ ಕಲಿಕೆಯ ಮಟ್ಟ ಅಳೆಯಲು ಸರ್ಕಾರವೊಂದು ಸಂಸ್ಥೆಗಳಿಂದ ಟೆಂಡರ್ ಕರೆಯುತ್ತದೆ ಎಂದುಕೊಳ್ಳಿ. ಅದರ ದರಪಟ್ಟಿಯಲ್ಲಿ ‘ಪ್ರತಿ ವಿದ್ಯಾರ್ಥಿಗೆ ದರ’ ಎಂಬ ಕಾಲಂ ಇದ್ದರೆ ಅಲ್ಲಿ ಸ್ವಲ್ಪ ತಡೆದು ನಿಲ್ಲಬೇಕು. ಆ ದರ 150 ರೂಪಾಯಿ ಎಂದಿಟ್ಟುಕೊಳ್ಳೋಣ. ಶಿವಮೊಗ್ಗ ನಗರದ ಒಂದು ಶಾಲೆಯಲ್ಲಿ ಒಂದೇ ಕೊಠಡಿಯಲ್ಲಿ 30 ಮಕ್ಕಳು ಸಿಕ್ಕರೆ ಸಂಸ್ಥೆಗೆ ಒಂದು ಭೇಟಿಯಿಂದ 4,500 ರೂಪಾಯಿ ಬಂತು. ಹೊಸನಗರದ ಕಾಡಂಚಿನ ಕಿರಿಯ ಪ್ರಾಥಮಿಕ ಶಾಲೆಯ ಮೂರನೇ ತರಗತಿಯಲ್ಲಿ ಇರುವುದೇ ಮೂರು ಮಕ್ಕಳಾದರೆ ಬರುವುದು 450. ಅಲ್ಲಿಗೆ ಹೋಗುವ ಜೀಪಿನ ಬಾಡಿಗೆಗೂ ಅದು ಸಾಲದು. ಹೀಗಿರುವಾಗ ಸಂಸ್ಥೆ ಏನು ಮಾಡುತ್ತದೆ? ‘ತರಗತಿಯಲ್ಲಿ ಐದಕ್ಕಿಂತ ಕಡಿಮೆ ಮಕ್ಕಳಿರುವ ಶಾಲೆಗಳನ್ನು ಮಾದರಿಯಿಂದ ಕೈಬಿಡಲಾಗಿದೆ’ ಎಂದು ವಿಧಾನದ ಅಧ್ಯಾಯದಲ್ಲಿ ಒಂದು ಸಾಲು ಸೇರಿಸುತ್ತದೆ. ವರದಿ ‘ಶಿವಮೊಗ್ಗ ಜಿಲ್ಲೆಯ ಸರಾಸರಿ’ ಎಂದೇ ಬರುತ್ತದೆ. ಅದರೊಳಗೆ ಪೇಟೆಯ ಮಕ್ಕಳೇ ಹೆಚ್ಚಿರುತ್ತಾರೆ.

ಹೀಗೆ ಕಲಿಕೆ ಅಳೆಯುವ ಸಾಧನಾ ಸಮೀಕ್ಷೆ ಎಸ್‌ಎಸ್‌ಎಲ್‌ಸಿ ಥರದ ಪರೀಕ್ಷೆಯಲ್ಲ. ಇಲ್ಲಿ ಯಾರೂ ಪಾಸಾಗುವುದಿಲ್ಲ, ಫೇಲಾಗುವುದೂ ಇಲ್ಲ. ಒಂದು ಜಿಲ್ಲೆಯ, ಒಂದು ರಾಜ್ಯದ ಮಕ್ಕಳಿಗೆ ಏನು ಬರುತ್ತದೆ, ಎಲ್ಲಿ ಎಡವುತ್ತಾರೆ ಎಂದು ತಿಳಿಯುವುದಷ್ಟೇ ಉದ್ದೇಶ. ದೇಶದ ಮಟ್ಟದಲ್ಲಿ ರಾಷ್ಟ್ರೀಯ ಸಾಧನಾ ಸಮೀಕ್ಷೆ 2017 ಮತ್ತು 2021ರ ನವೆಂಬರ್‌ಗಳಲ್ಲಿ ನಡೆಯಿತು. 2021ರಲ್ಲಿ 3, 5, 8 ಮತ್ತು 10ನೇ ತರಗತಿಯ ಸುಮಾರು 34 ಲಕ್ಷ ಮಕ್ಕಳು ಬರೆದರು. 2024ರ ಡಿಸೆಂಬರ್ 4ರಂದು ಅದೇ ಸಮೀಕ್ಷೆ ‘ಪರಖ್’ ಹೆಸರಿನಲ್ಲಿ 3, 6 ಮತ್ತು 9ನೇ ತರಗತಿಗಳಿಗೆ ನಡೆಯಿತು. ಮೂರನೆಯದನ್ನು ಬಿಟ್ಟು ಉಳಿದ ತರಗತಿಗಳೇ ಬದಲಾದ್ದರಿಂದ ಎರಡರ ಒಟ್ಟು ಅಂಕಗಳನ್ನು ಪಕ್ಕಪಕ್ಕದಲ್ಲಿಟ್ಟು ‘ಏರಿತು, ಇಳಿಯಿತು’ ಎನ್ನಲು ಬರುವುದಿಲ್ಲ.

ರಾಜ್ಯ ತನ್ನದೇ ಹೊಸ ಪರೀಕ್ಷೆ ಮಾಡಿಸಲು ಹೊರಟರೆ ಮೊದಲು ಎದುರಾಗುವುದು ಕೆಟಿಪಿಪಿ, ಅಂದರೆ 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ. (ಪತ್ರಿಕೆಗಳಲ್ಲಿ ಆಗಾಗ ಕಾಣುವ ‘4(ಜಿ) ವಿನಾಯಿತಿ’ ಇದೇ ಕಾಯ್ದೆಯದು. ಅದನ್ನು ಬಳಸಿದರೆ ಟೆಂಡರೇ ಇಲ್ಲದೆ ಕೆಲಸ ಒಪ್ಪಿಸಬಹುದು. ಕಲಿಕೆ ಅಳೆಯುವಂಥ ಕೆಲಸಕ್ಕೆ ಅದು ಬೇಡವೆಂದೇ ನಮ್ಮ ಅಭಿಪ್ರಾಯ.) ಟೆಂಡರ್ ಆನ್‌ಲೈನ್ ಪೋರ್ಟಲ್‌ನಲ್ಲಿ ಪ್ರಕಟವಾಗುತ್ತದೆ. ಭಾಗವಹಿಸುವವರು ಇಎಂಡಿ ಎಂಬ ಮುಂಗಡ ಠೇವಣಿ ಕಟ್ಟಿ, ತಾಂತ್ರಿಕ ಮತ್ತು ಆರ್ಥಿಕ ಎಂದು ಎರಡು ಲಕೋಟೆ ಸಲ್ಲಿಸುತ್ತಾರೆ. ಅದಕ್ಕೂ ಮುಂಚೆ ಅವರ ಅನುಮಾನ ಬಗೆಹರಿಸಲು ಪ್ರೀ-ಬಿಡ್ ಸಭೆ. ಅಲ್ಲಿ ಎದ್ದ ಪ್ರಶ್ನೆಗಳಿಗೆ ಉತ್ತರ ಮತ್ತು ತಿದ್ದುಪಡಿ ಎಲ್ಲರಿಗೂ ಕಾಣುವಂತೆ ಹೊರಬೀಳಬೇಕು. ಮೊದಲು ತಾಂತ್ರಿಕ ಲಕೋಟೆ ತೆರೆದು ಅಂಕ ಕೊಡುತ್ತಾರೆ. ಅದರಲ್ಲಿ ಅರ್ಹರಾದವರ ದರದ ಲಕೋಟೆಯನ್ನಷ್ಟೇ ಆಮೇಲೆ ತೆರೆಯುತ್ತಾರೆ.

ದರದ ಲಕೋಟೆ ತೆರೆದ ಮೇಲೆ ಯಾರು ಗೆಲ್ಲಬೇಕು ಎಂಬ ಸೂತ್ರವನ್ನು ಮೊದಲೇ ಬರೆದಿಡಬೇಕು. ಎರಡು ಸಂಸ್ಥೆಗಳಿವೆ ಎನ್ನಿ. ಮೊದಲನೆಯದಕ್ಕೆ ತಾಂತ್ರಿಕ ಅಂಕ 90, ಕೇಳಿದ ಹಣ 120 ಲಕ್ಷ. ಎರಡನೆಯದಕ್ಕೆ ಅಂಕ 70, ಹಣ 80 ಲಕ್ಷ. ಕಡಿಮೆ ದರದವರೇ ಎಲ್-1 ಎಂಬ ಪದ್ಧತಿಯಾದರೆ ಎರಡನೆಯದು ಗೆದ್ದಾಯಿತು. 90 ಮತ್ತು 70ರ ಅಂತರಕ್ಕೆ ಬೆಲೆಯೇ ಇಲ್ಲ. ಗುಣಮಟ್ಟ ಮತ್ತು ದರ ಎರಡನ್ನೂ ಕೂಡಿಸುವ ಕ್ಯೂಸಿಬಿಎಸ್‌ನಲ್ಲಿ ಅತಿ ಕಡಿಮೆ ದರಕ್ಕೆ 100 ಅಂಕ, ಉಳಿದವರಿಗೆ ಅದರ ಅನುಪಾತ. ಹಾಗಾಗಿ 120 ಲಕ್ಷ ಕೇಳಿದವರಿಗೆ 66.7. ಗುಣಮಟ್ಟ ಮತ್ತು ದರದ ತೂಕ 70:30 ಆದರೆ ಮೊದಲನೆಯದಕ್ಕೆ 63 ಮತ್ತು 20 ಸೇರಿ 83, ಎರಡನೆಯದಕ್ಕೆ 49 ಮತ್ತು 30 ಸೇರಿ 79. ತೂಕ 50:50 ಆದರೆ ಮೊದಲನೆಯದಕ್ಕೆ 78.3, ಎರಡನೆಯದಕ್ಕೆ 85. ಕಡತದಲ್ಲಿ ಒಂದು ಅನುಪಾತ ಬದಲಾದರೆ ಗೆದ್ದವರೇ ಬದಲಾಗುತ್ತಾರೆ. ಪರೀಕ್ಷೆ ರೂಪಿಸುವ ಕೆಲಸಕ್ಕೆ 70:30ಕ್ಕಿಂತ ಕೆಳಗಿಳಿಯಬಾರದು. ಬೆಂಚು, ಡೆಸ್ಕು ಕೊಳ್ಳುವುದಾದರೆ ಎಲ್-1 ಸಾಕು.

ತಾಂತ್ರಿಕ ಅಂಕವನ್ನು ಯಾವುದಕ್ಕೆ ಕೊಡುತ್ತಾರೆ ಎಂಬುದೂ ಅಷ್ಟೇ ಮುಖ್ಯ. ವಾರ್ಷಿಕ ವಹಿವಾಟು ಇಷ್ಟು ಕೋಟಿ, ಇಂತಿಷ್ಟು ಲಕ್ಷ ಮಕ್ಕಳಿಗೆ ಪರೀಕ್ಷೆ ನಡೆಸಿದ ಅನುಭವ ಎಂದಷ್ಟೇ ಕೇಳಿದರೆ ಒಎಂಆರ್ ಹಾಳೆ (ವೃತ್ತ ತುಂಬಿ ಉತ್ತರ ಗುರುತಿಸುವ ಹಾಳೆ) ಮುದ್ರಿಸಿ ಸ್ಕ್ಯಾನ್ ಮಾಡುವವರು ಮುಂದೆ ಬರುತ್ತಾರೆ. ಪ್ರಶ್ನೆ ರೂಪಿಸಬಲ್ಲವರು ಹಿಂದುಳಿಯುತ್ತಾರೆ. ಹಿಂದಿನ ಪರೀಕ್ಷೆಯೊಂದರ ಪೂರ್ಣ ತಾಂತ್ರಿಕ ವರದಿಯನ್ನು ಲಗತ್ತಿಸಿ ಎಂದು ಕೇಳುವುದು ಒಳ್ಳೆಯ ಜರಡಿ. ಪ್ರಶ್ನೆವಾರು ಅಂಕಿಅಂಶ, ಕೈಬಿಟ್ಟ ಪ್ರಶ್ನೆಗಳು ಮತ್ತು ಕೈಬಿಟ್ಟ ಕಾರಣ ಆ ವರದಿಯಲ್ಲಿ ಇರಬೇಕು.

ಪ್ರಶ್ನೆ ರೂಪಿಸುವುದು ಎಂದರೇನು ಎಂದು ಹತ್ತಿರದಿಂದ ನೋಡಲು ಮೂರನೇ ತರಗತಿಯ ಒಂದು ಲೆಕ್ಕ ತೆಗೆದುಕೊಳ್ಳೋಣ: 52ರಿಂದ 27 ಕಳೆಯಿರಿ. ಸರಿ ಉತ್ತರ 25. ಮಕ್ಕಳು ಇಲ್ಲಿ ಸಾಮಾನ್ಯವಾಗಿ ಎರಡು ಬಗೆಯಲ್ಲಿ ತಪ್ಪುತ್ತಾರೆ. ಕೆಲವರು ಬಿಡಿ ಸ್ಥಾನದಲ್ಲಿ ದೊಡ್ಡದರಿಂದ ಚಿಕ್ಕದನ್ನು ಕಳೆಯುತ್ತಾರೆ: 7ರಿಂದ 2 ಹೋದರೆ 5, ಹತ್ತರ ಸ್ಥಾನದಲ್ಲಿ 5ರಿಂದ 2 ಹೋದರೆ 3, ಉತ್ತರ 35. ಇನ್ನು ಕೆಲವರು ದಶಕ ತೆಗೆದುಕೊಂಡು 12ರಿಂದ 7 ಸರಿಯಾಗಿ ಕಳೆಯುತ್ತಾರೆ, ಆದರೆ ಹತ್ತರ ಸ್ಥಾನದಲ್ಲಿ ಒಂದು ಕಡಿಮೆ ಮಾಡಲು ಮರೆಯುತ್ತಾರೆ, ಅವರಿಗೂ 35. ಮೊದಲ ಮಗುವಿಗೆ ದಶಕ ತೆಗೆದುಕೊಳ್ಳುವ ಕಲ್ಪನೆಯೇ ಬಂದಿಲ್ಲ, ಎರಡನೆಯದಕ್ಕೆ ಬಂದಿದೆ, ಕೊನೆಯ ಹೆಜ್ಜೆ ತಪ್ಪಿದೆ. ಶಿಕ್ಷಕರು ಇಬ್ಬರಿಗೂ ಬೇರೆ ಬೇರೆ ಪಾಠ ಮಾಡಬೇಕು, ಆದರೆ ವರದಿಯಲ್ಲಿ ಇಬ್ಬರೂ ಒಂದೇ. 27ರ ಬದಲು 28 ಇಟ್ಟು ನೋಡಿ. ಸರಿ ಉತ್ತರ 24, ಮೊದಲ ಬಗೆಯ ತಪ್ಪಿಗೆ 36, ಎರಡನೆಯದಕ್ಕೆ 34. ಒಂದು ಅಂಕಿ ಬದಲಾದ ಮಾತ್ರಕ್ಕೆ ಪ್ರಶ್ನೆ ಮಾತಾಡತೊಡಗುತ್ತದೆ. ಬಿಡಿ ಸ್ಥಾನಗಳ ವ್ಯತ್ಯಾಸ ಸರಿಯಾಗಿ 5 ಇದ್ದಾಗಲೆಲ್ಲ ಈ ಎರಡು ತಪ್ಪುಗಳು ಒಂದರ ಮೇಲೊಂದು ಬಿದ್ದು ಗುರುತು ಸಿಗದಂತಾಗುತ್ತವೆ.

ಇಂಥದ್ದು ಹೊರಬರಲು ಪ್ರಶ್ನೆಗಳನ್ನು ಮೊದಲು ನಿಜವಾದ ಮಕ್ಕಳ ಮುಂದಿಟ್ಟು ನೋಡಬೇಕು. ಬೇಕಾದ ಪ್ರಶ್ನೆಗಳ ಎರಡರಿಂದ ಮೂರು ಪಟ್ಟು ಬರೆಸಿ, ಪ್ರತಿ ಪ್ರಶ್ನೆಗೂ ಕನಿಷ್ಠ 200ರಿಂದ 300 ಮಕ್ಕಳಿಂದ ಉತ್ತರ ಪಡೆಯುವುದು ಪೈಲಟ್‌ಗೆ, ಅಂದರೆ ಈ ಪ್ರಾಯೋಗಿಕ ಪರೀಕ್ಷೆಗೆ, ಒಂದು ಸಾಧಾರಣ ಅಳತೆ. ಆಮೇಲೆ ಎರಡು ಸಂಖ್ಯೆ ನೋಡುತ್ತಾರೆ. ಒಂದು, ನೂರಕ್ಕೆ ಎಷ್ಟು ಮಕ್ಕಳು ಸರಿ ಮಾಡಿದರು: 30ಕ್ಕಿಂತ ಕಡಿಮೆ ಅಥವಾ 80ಕ್ಕಿಂತ ಹೆಚ್ಚಾದರೆ ಮತ್ತೊಮ್ಮೆ ಯೋಚಿಸಬೇಕು. ಇನ್ನೊಂದು, ಒಟ್ಟಾರೆ ಚೆನ್ನಾಗಿ ಬರೆದ ಮಕ್ಕಳು ಈ ಪ್ರಶ್ನೆಯನ್ನೂ ಚೆನ್ನಾಗಿ ಬರೆದರೇ ಎಂದು ಹೇಳುವ ತಾರತಮ್ಯ ಸೂಚ್ಯಂಕ: 0.3ಕ್ಕಿಂತ ಮೇಲಿದ್ದರೆ ಒಳ್ಳೆಯದು, 0.2ಕ್ಕಿಂತ ಕೆಳಗಾದರೆ ತಿದ್ದಬೇಕು ಇಲ್ಲವೇ ಬಿಡಬೇಕು. ಋಣ ಸಂಖ್ಯೆ ಬಂದರೆ ಮೊದಲು ಕೀ ಉತ್ತರ ತಪ್ಪಿದೆಯೇ ಎಂದು ನೋಡಿ. ಬಹಳ ಸಲ ಕಾರಣ ಅದೇ. ಅವಸರದ ಟೆಂಡರ್‌ಗಳಲ್ಲಿ ಮೊದಲು ಕತ್ತರಿ ಬೀಳುವುದು ಈ ಪೈಲಟ್‌ಗೇ.

ಪೈಲಟ್ ಎಲ್ಲಿ ನಡೆಯಬೇಕು ಎಂದೂ ಟೆಂಡರ್‌ನಲ್ಲೇ ಬರೆದಿರಬೇಕು. ಬೆಂಗಳೂರಿನ ಸುತ್ತಲ ಶಾಲೆಗಳಲ್ಲಷ್ಟೇ ನೋಡಿದರೆ ಟ್ರಾಫಿಕ್ ಸಿಗ್ನಲ್ ಇಟ್ಟು ಮಾಡಿದ ಪ್ರಶ್ನೆ ಸುಲಭವೆನಿಸುತ್ತದೆ. ಆಗುಂಬೆಯ ಕಡೆಯ ಮಗುವಿಗೆ ಅದು ಬೇರೆಯೇ ಪ್ರಶ್ನೆ. ಅಡಿಕೆ ಗೊನೆ ಎಣಿಸುವ ಲೆಕ್ಕ ಕೊಟ್ಟರೆ ತೀರ್ಥಹಳ್ಳಿಯ ಮಗುವಿಗೆ ಅನುಕೂಲ, ಕಲಬುರಗಿಯದಕ್ಕೆ ತೊಡಕು. ಇದನ್ನು ಅಂದಾಜಿನ ಮೇಲೆ ಹೇಳಬೇಕಿಲ್ಲ. ಒಟ್ಟು ಅಂಕ ಸಮಾನವಾಗಿರುವ ಎರಡು ಪ್ರದೇಶದ ಮಕ್ಕಳನ್ನು ಜೋಡಿಸಿ, ಈ ಒಂದು ಪ್ರಶ್ನೆಯಲ್ಲಿ ಮಾತ್ರ ಒಂದು ಗುಂಪು ಹಿಂದೆ ಬಿದ್ದಿದೆಯೇ ಎಂದು ಲೆಕ್ಕ ಹಾಕುವ ವಿಧಾನಗಳಿವೆ. ಶಿವಮೊಗ್ಗ, ಭದ್ರಾವತಿಗಳ ಉರ್ದು ಮಾಧ್ಯಮದ ಮಕ್ಕಳಿಗೂ, ಶಿಕಾರಿಪುರದ ತಾಂಡಾಗಳಿಂದ ಬರುವ, ಮನೆಯಲ್ಲಿ ಲಂಬಾಣಿ ಆಡುವ ಮಕ್ಕಳಿಗೂ ಇದೇ ತಪಾಸಣೆ ಬೇಕು.

ಮತ್ತೆ ಆ ಮೂರು ಮಕ್ಕಳ ಶಾಲೆಗೆ ಬರೋಣ. ಸಂಖ್ಯಾಶಾಸ್ತ್ರದ ಕಣ್ಣಿಗೆ ಸಣ್ಣ ಶಾಲೆ ಹೊರೆಯಲ್ಲ, ಲಾಭ. ಒಂದೇ ಶಾಲೆಯ ಮಕ್ಕಳಿಗೆ ಶಿಕ್ಷಕರು, ಪರಿಸರ, ಪುಸ್ತಕ ಎಲ್ಲ ಒಂದೇ ಆದ್ದರಿಂದ ಅವರ ಅಂಕಗಳೂ ಹತ್ತಿರ ಹತ್ತಿರ ಇರುತ್ತವೆ. ಮೂವತ್ತನೆಯ ಮಗು ಹೊಸದಾಗಿ ತಿಳಿಸುವುದು ಕಡಿಮೆ. ಈ ಹೋಲಿಕೆಯನ್ನು 0.3 ಎಂದಿಟ್ಟುಕೊಂಡರೆ (0 ಎಂದರೆ ಹೋಲಿಕೆಯೇ ಇಲ್ಲ, 1 ಎಂದರೆ ಶಾಲೆಯ ಎಲ್ಲರ ಅಂಕವೂ ಒಂದೇ), 20 ಶಾಲೆಗಳಿಂದ ತಲಾ 30ರಂತೆ ಆರಿಸಿದ 600 ಮಕ್ಕಳು, ಒಬ್ಬೊಬ್ಬರನ್ನಾಗಿ ಆರಿಸಿದ ಸುಮಾರು 62 ಮಕ್ಕಳಿಗೆ ಸಮ. ಅದೇ 600 ಮಕ್ಕಳನ್ನು 150 ಶಾಲೆಗಳಿಂದ ತಲಾ ನಾಲ್ವರಂತೆ ಆರಿಸಿದರೆ ಸುಮಾರು 316 ಮಕ್ಕಳಿಗೆ ಸಮ. ಅಂಕಗಳ ಹರವು (ಪ್ರಮಾಣಿತ ವಿಚಲನೆ) 50 ಇರುವ ಮಾಪಕದಲ್ಲಿ ಜಿಲ್ಲೆಯ ಸರಾಸರಿಗೆ ಮೊದಲ ಬಗೆಯಲ್ಲಿ 12 ಅಂಕದಷ್ಟು ಆಚೀಚೆ, ಎರಡನೆಯದರಲ್ಲಿ ಐದೂವರೆಯಷ್ಟು. ಮಕ್ಕಳ ಸಂಖ್ಯೆ ಒಂದೇ, ಅಳತೆಯ ನಿಖರತೆ ಎರಡು ಪಟ್ಟಿಗೂ ಹೆಚ್ಚು. ಖರ್ಚು ಮಾತ್ರ 20ರ ಬದಲು 150 ಭೇಟಿಯದು.

ಆದ್ದರಿಂದ ದರಪಟ್ಟಿಯಲ್ಲಿ ಎರಡು ಕಾಲಂ ಬೇಕು: ಪ್ರತಿ ಶಾಲಾ ಭೇಟಿಗೆ ಒಂದು ದರ, ಪ್ರತಿ ಉತ್ತರಪತ್ರಿಕೆಗೆ ಇನ್ನೊಂದು. ಯಾವ ತಾಲ್ಲೂಕಿನಿಂದ ಎಷ್ಟು ಶಾಲೆ ಎಂಬುದನ್ನು ಶಾಲೆಗಳ ಸರ್ಕಾರಿ ದಾಖಲೆಯಾದ ಯು-ಡೈಸ್ ಪಟ್ಟಿಯಿಂದ ಇಲಾಖೆಯೇ ಆರಿಸಿ ಕೊಡಬೇಕು. ಬದಲಿ ಶಾಲೆಯನ್ನು ಸಂಸ್ಥೆ ತಾನೇ ಆರಿಸುವಂತಿರಬಾರದು. ಇದರ ಜೊತೆಗೆ ಒಂದು ನಿಷೇಧವೂ ಇರಲಿ: ಮೂರು ಮಕ್ಕಳ ಶಾಲೆಯ ಸರಾಸರಿಯನ್ನು ಪ್ರಕಟಿಸಬಾರದು. ಅಷ್ಟು ಸಣ್ಣ ಗುಂಪಿನಲ್ಲಿ ಒಂದು ಮಗುವಿಗೆ ಆ ದಿನ ಜ್ವರ ಬಂದರೂ ‘ಶಾಲೆಯ ಗುಣಮಟ್ಟ’ ಕುಸಿದಂತೆ ಕಾಣುತ್ತದೆ, ಯಾವ ಮಗು ಎಂದು ಇಡೀ ಊರಿಗೆ ಗೊತ್ತಾಗುತ್ತದೆ.

ಕಾಲದ ವಿಷಯ ಮಲೆನಾಡಿನಲ್ಲಿ ಬೇರೆಯೇ. ಜುಲೈ, ಆಗಸ್ಟ್‌ನಲ್ಲಿ ತೀರ್ಥಹಳ್ಳಿ, ಹೊಸನಗರ, ಸಾಗರಗಳಲ್ಲಿ ಮಳೆ ರಜೆ ಯಾವಾಗ ಬೀಳುತ್ತದೆಂದು ಹೇಳಲು ಬರುವುದಿಲ್ಲ. ರಾಜ್ಯಕ್ಕೆಲ್ಲ ಒಂದೇ ದಿನ ಎಂದು ನಿಗದಿ ಮಾಡಿದರೆ ಇಲ್ಲಿನ ಶಾಲೆಗಳು ಖಾಲಿ ಬೀಳುತ್ತವೆ. ಶರಾವತಿ ಹಿನ್ನೀರಿನಾಚೆಯ ತುಮರಿಗೆ 2025ರ ಜುಲೈನಲ್ಲಿ ಸೇತುವೆ ತೆರೆಯುವ ತನಕ ಲಾಂಚ್‌ನ ಸಮಯಕ್ಕೆ ಹೊಂದಿಕೊಂಡೇ ಎಲ್ಲ ನಡೆಯಬೇಕಿತ್ತು. ಒಎಂಆರ್ ಹಾಳೆಗೂ ಮಳೆಗಾಲ ಆಗಿಬರುವುದಿಲ್ಲ. ಕಾಗದ ತೇವ ಹೀರಿ ನಾರಿಗೆ ಅಡ್ಡಲಾಗಿ ಹಿಗ್ಗುತ್ತದೆ, ಅಂಚು ಸುರುಳಿಯಾಗುತ್ತದೆ. ಅಂಚಿನ ಕಪ್ಪು ಗೆರೆಗಳನ್ನು ನೋಡಿಕೊಂಡೇ ಸ್ಕ್ಯಾನರ್ ವೃತ್ತದ ಜಾಗ ಲೆಕ್ಕ ಹಾಕುವುದರಿಂದ ಸಾಲು ತಪ್ಪಿ ಓದುವ ಸಂಭವ ಹೆಚ್ಚು, ಎರಡು ಹಾಳೆ ಅಂಟಿಕೊಂಡು ಒಟ್ಟಿಗೆ ಒಳಗೆ ಹೋಗುವುದೂ ಉಂಟು. ಪ್ಲಾಸ್ಟಿಕ್ ಕವರ್, ಸಿಲಿಕಾ ಜೆಲ್ ಪೊಟ್ಟಣ, ಸ್ಕ್ಯಾನ್‌ಗೆ ಮುಂಚೆ ಒಣ ಕೋಣೆಯಲ್ಲಿ ಒಂದು ದಿನ ಇಡುವುದು: ಇವೆಲ್ಲ ಅಗ್ಗದ ಷರತ್ತುಗಳು, ಕಡತದಲ್ಲಿ ಬರೆಯದಿದ್ದರೆ ಯಾರೂ ಮಾಡುವುದಿಲ್ಲ. ಟ್ಯಾಬ್ಲೆಟ್ ಆದರೆ ನೆಟ್‌ವರ್ಕ್ ಇಲ್ಲದೆಯೂ ಪರೀಕ್ಷೆ ಪೂರ್ತಿ ನಡೆದು, ಸಿಗ್ನಲ್ ಸಿಕ್ಕಾಗ ಅಪ್‌ಲೋಡ್ ಆಗಬೇಕು. ಮೂರನೇ ತರಗತಿಯ ಓದನ್ನಂತೂ ಒಎಂಆರ್‌ನಿಂದ ಅಳೆಯಲಾಗದು. ಮಗುವನ್ನು ಎದುರಿಗೆ ಕೂರಿಸಿ ಗಟ್ಟಿಯಾಗಿ ಓದಿಸಬೇಕು; 2022ರ ಬುನಾದಿ ಕಲಿಕಾ ಅಧ್ಯಯನದಲ್ಲಿ ಹಾಗೆಯೇ ಮಾಡಿದರು. ಸಣ್ಣ ಶಾಲೆಗೆ ಇದು ಹೇಳಿ ಮಾಡಿಸಿದಂತಿದೆ.

ಇನ್ನು ಪ್ರಶ್ನೆಗಳು ಯಾರ ಸ್ವತ್ತು? ಈ ವರ್ಷದ ಅಂಕವನ್ನು ಮೂರು ವರ್ಷದ ನಂತರದ ಅಂಕದೊಂದಿಗೆ ಹೋಲಿಸಬೇಕಾದರೆ ಎರಡೂ ಪರೀಕ್ಷೆಗಳಲ್ಲಿ ಕೆಲವು ಪ್ರಶ್ನೆಗಳು ಒಂದೇ ಇರಬೇಕು, ನೂರಕ್ಕೆ ಇಪ್ಪತ್ತರಷ್ಟಾದರೂ. ಈ ಕೊಂಡಿ ಪ್ರಶ್ನೆಗಳು ಗುಟ್ಟಾಗಿ ಉಳಿಯಬೇಕು, ಇಲಾಖೆಯ ಪ್ರಶ್ನೆಕೋಠಿಯಲ್ಲಿ ಉಳಿಯಬೇಕು. ಹಕ್ಕು ಸಂಸ್ಥೆಯದೇ ಆಗಿದ್ದರೆ ಮುಂದಿನ ಟೆಂಡರ್ ಬೇರೆಯವರಿಗೆ ಹೋದಾಗ ಕೊಂಡಿ ಕಳಚುತ್ತದೆ. ಆಗ ಹಳೆಯ ಸಂಸ್ಥೆಗೇ ಅದು ಕೇಳಿದ ದರ ಕೊಡಬೇಕು, ಇಲ್ಲವೇ ಹೋಲಿಕೆಯ ಆಸೆ ಬಿಡಬೇಕು.

ಮಕ್ಕಳು ಗುರುತು ಹಾಕಿದ ಮೂಲ ಉತ್ತರಗಳ ದತ್ತಾಂಶವೂ ಕೈಗೆ ಬರಬೇಕು, ಬರೀ ಅಂಕಪಟ್ಟಿ ಸಾಲದು. 2000ರಲ್ಲಿ ಅಮೆರಿಕದ ಮಿನೆಸೋಟಾ ರಾಜ್ಯದಲ್ಲಿ ಗುತ್ತಿಗೆದಾರ ಸಂಸ್ಥೆ ಗಣಿತ ಪರೀಕ್ಷೆಯ ಅಂಕ ಹಾಕುವಾಗ ತಪ್ಪು ಮಾಡಿ ಸುಮಾರು 8,000 ವಿದ್ಯಾರ್ಥಿಗಳನ್ನು ಫೇಲ್ ಎಂದು ತೋರಿಸಿತ್ತು. ಅದು ಬಯಲಾದದ್ದು ಒಬ್ಬ ತಂದೆ ಪಟ್ಟು ಹಿಡಿದು ಮಗಳ ಉತ್ತರಗಳನ್ನು ತರಿಸಿ ನೋಡಿದ ಮೇಲೆ.

ಹಣ ಕೊಡುವ ಕಂತುಗಳನ್ನು ಇದಕ್ಕೆ ತಕ್ಕಂತೆ ಹಂಚಬಹುದು: ಯೋಜನೆ ಮತ್ತು ನೀಲನಕ್ಷೆಗೆ ನೂರಕ್ಕೆ 10, ಪೈಲಟ್ ವರದಿಗೆ 20, ಶಾಲಾ ಭೇಟಿಗಳು ಮುಗಿದಾಗ 30, ಫಲಿತಾಂಶಕ್ಕೆ 20. ಉಳಿದ 20 ಭಾಗ ಪ್ರಶ್ನೆಕೋಠಿ, ಮೂಲ ದತ್ತಾಂಶ ಮತ್ತು ತಾಂತ್ರಿಕ ವರದಿ ಕೈಸೇರಿದ ಮೇಲೆ. ಕೈಸೇರಿತು ಎನ್ನಲು ಸಿ.ಡಿ. ಪಡೆದು ಕಡತಕ್ಕೆ ಲಗತ್ತಿಸಿದರೆ ಆಗಲಿಲ್ಲ. ಶಿವಮೊಗ್ಗದ ಡಯಟ್‌ನಂಥ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ) ಕಡೆ ಇಬ್ಬರು ಕುಳಿತು ಫೈಲ್ ತೆರೆದು, ಒಂದು ತಾಲ್ಲೂಕಿನ ಮೂಲ ಉತ್ತರಗಳಿಗೆ ಕೀ ಹಚ್ಚಿ ತಾವೇ ಅಂಕ ಲೆಕ್ಕ ಹಾಕಬೇಕು. ಸಂಸ್ಥೆ ಕೊಟ್ಟ ಅಂಕಕ್ಕೆ ಅದು ತಾಳೆಯಾದ ದಿನ ಕೊನೆಯ ಬಿಲ್ಲಿಗೆ ಸಹಿ ಹಾಕಬಹುದು.