ಹಳೇ ಕ್ಯೂ ಮಾಡಿದ್ದು ಯಾರು?

ಕೊಡಗಿನ ಹಳೇ ಎಸ್ಟೇಟ್ ಬಂಗಲೆಗಳಲ್ಲಿ ಒಮ್ಮೊಮ್ಮೆ ದೊರೆಗಳ ಕಾಲದ ಬಿಲಿಯರ್ಡ್ಸ್ ಕ್ಯೂ, ಅಂದರೆ ಚೆಂಡು ಹೊಡೆಯುವ ಉದ್ದನೆಯ ಕೋಲು, ಸಿಗುತ್ತದೆ. ಹಿಡಿಯ ಮೇಲೊಂದು ಪುಟ್ಟ ಬ್ಯಾಡ್ಜ್. ಅದರಲ್ಲಿರುವ ಹೆಸರಿನವರೇ ಮಾಡಿದ್ದು ಅಂದುಕೊಳ್ಳುತ್ತೇವೆ, ಅಲ್ವಾ? ಎಡವುವುದು ಅಲ್ಲೇ.

ದೊಡ್ಡ ಆಟಗಾರರ ಹೆಸರಲ್ಲಿ ಕ್ಯೂ ಮಾರುವುದು ಹಳೇ ರೂಢಿ. ಆಸ್ಟ್ರೇಲಿಯಾದ ವಾಲ್ಟರ್ ಲಿಂಡ್ರಮ್ 1932ರಲ್ಲಿ ಲಂಡನ್ನಿನಲ್ಲಿ ಒಂದೇ ಸರದಿಯಲ್ಲಿ 4,137 ಅಂಕ ಗಳಿಸಿದರು. ಆಮೇಲೆ ಆ ಸಂಖ್ಯೆ ಹೊತ್ತ ಕ್ಯೂಗಳು ಬಂದವು. ಅಂಥ ಬ್ಯಾಡ್ಜ್ 1932ಕ್ಕಿಂತ ಹಳೆಯದಲ್ಲ ಎನ್ನಬಹುದು, ಅಷ್ಟೇ. ಹಿಡಿಯಲ್ಲಿ 16½ ಅಂತ ಒತ್ತಿದ್ದರೆ ಅದು ಔನ್ಸ್ ಲೆಕ್ಕದ ತೂಕ, ಸುಮಾರು 468 ಗ್ರಾಂ.

ನನ್ನ ಕೇಳಿದರೆ ಮೊದಲು ನೋಡಬೇಕಾದ್ದು ಕರಿಮರದ ಹಿಡಿ ಬಿಳಿ ಕೋಲಿಗೆ ಸೇರುವ ಜಾಗ. ಕೈಕೆಲಸದಲ್ಲಿ ಕೋಲಿನ ನಾಲ್ಕು ಬದಿಯನ್ನು ಓರೆಯಾಗಿ ಕೆತ್ತಿ, ಒಂದೊಂದಾಗಿ ಕರಿಮರದ ಪಟ್ಟಿ ಅಂಟಿಸುತ್ತಾರೆ. ಆಮೇಲೆ ಹೆರೆದು ದುಂಡಗೆ ಮಾಡುತ್ತಾರೆ. ಆಗ ಪ್ರತಿ ಪಟ್ಟಿಯ ತುದಿ ಕಮಾನಿನಂತೆ ದುಂಡಗಾಗುತ್ತದೆ. ನಾಲ್ಕೂ ತುದಿ ಒಂದೇ ಎತ್ತರಕ್ಕೆ ನಿಲ್ಲುವುದು ಅಪರೂಪ. ಯಂತ್ರದ ಕೆಲಸವಾದರೆ ತುದಿಗಳು ಚೂಪು, ಅಳತೆಗೆ ಸಮ. ಕಮಾನಿನ ಆಕಾರ, ಪಟ್ಟಿಗಳ ನಡುವಿನ ಬಣ್ಣದ ತೆಳು ಗೆರೆ, ಬ್ಯಾಡ್ಜ್ ಕೂರಿಸಿದ ರೀತಿ, ಇವೆಲ್ಲವನ್ನೂ ಮೂಲ ಖಚಿತವಾಗಿರುವ ಕ್ಯೂಗಳ ಜೊತೆ ಇಟ್ಟು ನೋಡಿದರೆ ತಯಾರಕರ ಸುಳಿವು ಸಿಗುತ್ತದೆ.

ಕೋಲಿನ ಮೈಮೇಲೆ ಬಾಣದ ಗುರುತುಗಳಿದ್ದರೆ ಮರ ಬಹುಶಃ ಆಶ್. ಆಶ್ ಮರ ವಸಂತದಲ್ಲಿ ಅಗಲವಾದ ನೀರಿನ ನಾಳಗಳನ್ನೂ ಬೇಸಿಗೆಯಲ್ಲಿ ಕಿರಿದಾದವನ್ನೂ ಬೆಳೆಸುತ್ತದೆ. ತುದಿಯ ಕಡೆ ಸಣ್ಣಗಾಗುವಂತೆ ಕೋಲು ಹೆರೆದಾಗ ಆ ವಾರ್ಷಿಕ ಪದರಗಳು ಓರೆಯಾಗಿ ಕತ್ತರಿಸಿ ಬಾಣ ಮೂಡುತ್ತದೆ. ಕ್ಯೂಗೆ ಬಳಸುವ ಇನ್ನೊಂದು ಮರ ಮೇಪಲ್‌ನಲ್ಲಿ ನಾಳಗಳೆಲ್ಲ ಸಣ್ಣವು, ಹಾಗಾಗಿ ಮೈ ನಯ. ಇಷ್ಟರಿಂದ ಮರ ತಿಳಿಯುತ್ತದೆ, ಮಾಡಿದವರು ಯಾರೆಂದು ಗೊತ್ತಾಗಲ್ಲ.

ಇನ್ನು ಕೊಡಗಿನ ಮಳೆಗಾಲ. ಹಳೇ ಮರಗೆಲಸದ ಅಂಟು ಪ್ರಾಣಿಗಳ ಚರ್ಮ, ಮೂಳೆಯಿಂದ ಮಾಡಿದ್ದು. ತಿಂಗಳುಗಟ್ಟಲೆ ಥಂಡಿ ಹಿಡಿದರೆ ಮೆತ್ತಗಾಗಿ ಜೋಡಣೆ ಬಾಯಿ ಬಿಡುತ್ತದೆ. ಆಗ ಯಾರೋ ರಿಪೇರಿ ಮಾಡಿರುತ್ತಾರೆ. ಕೆಲವೊಮ್ಮೆ ಹಿಡಿಯನ್ನೇ ಬದಲಿಸಿರುತ್ತಾರೆ. ಆದ್ದರಿಂದ ಸುಮ್ನೆ ಉಪ್ಪುಕಾಗದ ಹಿಡಿದು ಉಜ್ಜಲು ಕೂರಬೇಡಿ. ಮೊದಲು ಬ್ಯಾಡ್ಜಿನ ಸುತ್ತ ಭೂತಗನ್ನಡಿ ಆಡಿಸಿ. ಅಂಚಿನಲ್ಲಿ ಮುಚ್ಚಿದ ಹಳೇ ಮೊಳೆತೂತು ಕಂಡರೆ, ಆ ಬ್ಯಾಡ್ಜ್ ಬೇರೆ ಕ್ಯೂನಿಂದ ಬಂದಿರಬಹುದು.