ಕತ್ತಲಲ್ಲಿ ಕಣ್ಣು ಬೆಳಕು ಕೂಡಿಸುವ ಬಗೆ

ಎಳ್ಳ ಅಮಾವಾಸ್ಯೆ ದಿನ ಕಲಬುರಗಿ, ಬೀದರ್, ಯಾದಗಿರಿ ಕಡೆ ಊರಿಗೆ ಊರೇ ಹೊಲದಲ್ಲಿರುತ್ತದೆ. ಚರಗ ಚೆಲ್ಲಿ, ಸಜ್ಜೆ ರೊಟ್ಟಿ, ಭಜ್ಜಿ ಉಂಡು ಸಂಜೆಗೆ ಮನೆ ಸೇರುತ್ತಾರೆ. ಆವತ್ತು ಇನ್ನೊಂದು ತಾಸು ಅಲ್ಲೇ ಉಳಿಯಿರಿ ಎನ್ನುವುದು ನನ್ನ ಕೋರಿಕೆ. ಡಿಸೆಂಬರ್ ಕೊನೆಗೆ ಬಂದ ಅಮಾವಾಸ್ಯೆಯಾದರೆ, ರಾತ್ರಿ ಏಳೂವರೆಗೆ ಉತ್ತರ ದಿಕ್ಕಿನಲ್ಲಿ ಸಾಕಷ್ಟು ಮೇಲೆ ಆಂಡ್ರೊಮಿಡಾ ಗೆಲಾಕ್ಸಿ ಇರುತ್ತದೆ. ಒಂದು ಸಣ್ಣ ಮಸುಕು ಕಲೆ, ಅಷ್ಟೇ. ಆ ಬೆಳಕು ಅಲ್ಲಿಂದ ಹೊರಟು ಸುಮಾರು 25 ಲಕ್ಷ ವರ್ಷವಾಗಿದೆ.

ಮೊಬೈಲಿನ ನೈಟ್ ಮೋಡ್‌ನಲ್ಲಿ ಇದೇ ಆಕಾಶ ಜಗಮಗಿಸುತ್ತದೆ. ಕ್ಯಾಮೆರಾ ಹಲವು ಸೆಕೆಂಡು ಬೆಳಕು ಕೂಡಿಸುತ್ತಾ ಕೂರುತ್ತದೆ. ಹಾಗಾದರೆ ನಾವೂ ನೋಡುತ್ತಲೇ ಇದ್ದರೆ ಕಲೆ ಬೆಳಗುತ್ತಾ ಹೋಗಬೇಕಲ್ವಾ? ಹೋಗುವುದಿಲ್ಲ. ಕಣ್ಣೂ ಬೆಳಕು ಕೂಡಿಸುತ್ತದೆ, ಆದರೆ ತೂತು ಕೊಡದಲ್ಲಿ ನೀರು ಹಿಡಿದಂತೆ. ಕತ್ತಲಲ್ಲಿ ಆ ಲೆಕ್ಕ ಸೆಕೆಂಡಿನ ಹತ್ತನೇ ಒಂದು ಭಾಗದ ಆಸುಪಾಸಿನಲ್ಲಿ ಮುಗಿಯುತ್ತದೆ. ಅಷ್ಟರೊಳಗೆ ಬೆಳಕು ಒಂದೇ ಏಟಿಗೆ ಬಂದರೂ ಹರಡಿ ಬಂದರೂ ಕಣ್ಣಿಗೆ ಒಂದೇ. ಇದನ್ನು 1885ರಲ್ಲಿ ಹೇಳಿದವರು ಬ್ಲಾಕ್ ಎಂಬ ಸಂಶೋಧಕ. ಇಂದಿಗೂ ಇದು ಬ್ಲಾಕ್ ನಿಯಮ.

ಜಾಸ್ತಿ ಹೊತ್ತು ಕೂಡಿಸಿದರೆ ಒಳ್ಳೆಯದಿತ್ತಲ್ಲ ಅನಿಸಬಹುದು. ಆದರೆ ಆಗ ಓಡಾಡುವುದೆಲ್ಲ ಮಸಕಾಗುತ್ತಿತ್ತು, ತೊಗರಿ ಸಾಲಿನಲ್ಲಿ ಹರಿಯುವ ಹಾವೂ ಗುರುತು ಸಿಗುತ್ತಿರಲಿಲ್ಲ. ಇನ್ನೊಂದು ಕಾರಣವೂ ಇದೆ. ಮಂದ ಬೆಳಕಿನಲ್ಲಿ ನೋಡಲು ಕಣ್ಣಿನಲ್ಲಿರುವ ಕಂಬಿಕೋಶಗಳಲ್ಲಿ (ರಾಡ್) ಬೆಳಕು ಹೀರುವ ರೊಡಾಪ್ಸಿನ್ ಎಂಬ ವಸ್ತುವಿದೆ. ಬೆಳಕೇ ಇಲ್ಲದಾಗಲೂ ಮೈ ಬಿಸಿಗೆ ಅದರ ಕಣಗಳು ಅಪರೂಪಕ್ಕೆ ತಾವಾಗಿಯೇ ಪಲ್ಟಿ ಹೊಡೆದು ಸುಳ್ಳು ಸಂಕೇತ ಕಳಿಸುತ್ತವೆ. ಹೆಚ್ಚು ಹೊತ್ತು ಕೂಡಿಸಿದರೆ ಸುಳ್ಳೂ ಕೂಡುತ್ತದೆ.

ಇಷ್ಟು ಕಡಿಮೆ ಸಮಯದಲ್ಲೂ ಕಣ್ಣು ಮಾಡುವ ಕೆಲಸ ನನಗೆ ಯಾವತ್ತೂ ಬೆರಗು. 1942ರಲ್ಲಿ ಹೆಕ್ಟ್, ಶ್ಲೇರ್, ಪಿರೆನ್ ಎಂಬ ವಿಜ್ಞಾನಿಗಳು ಕತ್ತಲಿಗೆ ಒಗ್ಗಿದವರ ಕಣ್ಣಿಗೆ ಸೆಕೆಂಡಿನ ಸಾವಿರದಲ್ಲಿ ಒಂದು ಭಾಗದಷ್ಟು ಹೊತ್ತು ಬೆಳಕು ಬೀರಿದರು. ಕಣ್ಣಿನ ಮೇಲೆ ಬಿದ್ದದ್ದು 54ರಿಂದ 148 ಫೋಟಾನ್, ಅಂದರೆ ಬೆಳಕಿನ ಕಣ. ಒಳಗೆ ಕಂಬಿಕೋಶಗಳು ಹೀರಿದ್ದು 5ರಿಂದ 14 ಮಾತ್ರ. ಅಷ್ಟಕ್ಕೇ ಬೆಳಕು ಕಂಡಿತು!

ಹಾಗಾಗಿ ಹೊಲದಲ್ಲಿ ಮೊದಲು ಟಾರ್ಚ್, ಮೊಬೈಲ್ ಆರಿಸಿ. ಕಂಬಿಕೋಶಗಳು ಪೂರ್ತಿ ಸಜ್ಜಾಗಲು ಅರ್ಧ ತಾಸಾದರೂ ಬೇಕು. ಬೆಳಕು ಬೇಕೇಬೇಕೆಂದರೆ ಮಂದ ಕೆಂಪು ದೀಪ ಇಟ್ಟುಕೊಳ್ಳಿ, ಕೆಂಪು ಇವಕ್ಕೆ ಅಷ್ಟಾಗಿ ತಾಗುವುದಿಲ್ಲ. ಕಲೆಯನ್ನು ನೇರ ನೋಡಬೇಡಿ, ಸ್ವಲ್ಪ ಪಕ್ಕಕ್ಕೆ ನೋಡಿ. ದೃಷ್ಟಿಯ ನಟ್ಟನಡುವೆ ಕಂಬಿಕೋಶಗಳೇ ಇಲ್ಲ. ಕೂಡಿಸುವ ಹೊತ್ತು ಚಿಕ್ಕದಾದರೂ ಕೆಲವು ಸೆಕೆಂಡು ನೋಡುವುದು ಸುಮ್ನೆ ಅಲ್ಲ. ಪ್ರತಿ ಗಳಿಗೆಯೂ ಮಿದುಳಿಗೆ ಹೊಸ ಅವಕಾಶ. ಆದರೆ ಕಣ್ಣನ್ನು ಕದಲದಂತೆ ಒಂದೇ ಕಡೆ ನೆಟ್ಟರೆ ಅಂಚಿನ ಮಸುಕು ವಸ್ತು ಮಾಯವಾಗುತ್ತದೆ. ಆಗ ನೋಟವನ್ನು ಕೊಂಚ ಅತ್ತಿತ್ತ ಸರಿಸಿ, ಮತ್ತೆ ಕಾಣುತ್ತದೆ.